ಸಂಚಕಾರ: ಕೈಯಲ್ಲಿ ಕಾಸಿಲ್ಲದೆ ಕಲೆಯ ಕಸುಬು ಕಟ್ಟುವ ಲೆಕ್ಕ

ಮಾತು ತಪ್ಪದಿರಲಿ ಎಂದು ಕೆಲಸಕ್ಕೆ ಮೊದಲೇ ಕೊಡುವ ದುಡ್ಡಿಗೆ ನಮ್ಮ ಹಿರಿಯರು ಸಂಚಕಾರ ಅನ್ನುತ್ತಿದ್ದರು. ಮನೆ ಕೊಳ್ಳುವಾಗ, ಎತ್ತು ಹಿಡಿಯುವಾಗ, ಮದುವೆಗೆ ವಾಲಗದವರನ್ನು ಗೊತ್ತುಮಾಡುವಾಗ ಸಂಚಕಾರ ಕೊಟ್ಟರೆ ಮುಗಿಯಿತು, ಮಾತು ಗಟ್ಟಿ. ಈಗ ಆ ಅರ್ಥದಲ್ಲಿ ಪದ ಬಳಸುವವರು ಕಡಿಮೆ, ಎಲ್ಲರೂ 'ಅಡ್ವಾನ್ಸ್' ಅನ್ನುತ್ತೇವೆ. ನಾಲಿಗೆಯ ಮೇಲೆ ಉಳಿದಿರುವುದು ಅದರ ಇನ್ನೊಂದು ಅರ್ಥ: ಪ್ರಾಣಕ್ಕೆ ಸಂಚಕಾರ, ಮಾನಕ್ಕೆ ಸಂಚಕಾರ. ಒಂದೇ ಪದಕ್ಕೆ ಮುಂಗಡ ಮತ್ತು ಕುತ್ತು ಎರಡೂ ಹೇಗೆ ಅಂಟಿಕೊಂಡವು ಅನ್ನುವುದನ್ನು ನಿಘಂಟುಕಾರರಿಗೆ ಬಿಡೋಣ. ಬಂಡವಾಳವಿಲ್ಲದೆ ಚಿತ್ರ, ಪುಸ್ತಕ, ನಾಟಕ, ವಿನ್ಯಾಸದಂಥ ಕಸುಬು ಹಿಡಿದವರಿಗೆ ಮಾತ್ರ ಆ ಎರಡೂ ಅರ್ಥ ಒಂದೇ ತಿಂಗಳಲ್ಲಿ ತಿಳಿದುಬಿಡುತ್ತವೆ.

'ಝೀರೋ ಬಂಡವಾಳದಲ್ಲಿ ಬಿಸಿನೆಸ್' ಎಂಬ ಮಾತು ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಅಂಥದ್ದೊಂದು ಇಲ್ಲ. ಕಾಗದ ಕೊಳ್ಳಬೇಕು, ಪ್ರೆಸ್ಸಿಗೆ ಕೊಡಬೇಕು, ಪಾರ್ಸೆಲ್ ಕಳಿಸಬೇಕು, ಅದಕ್ಕೆಲ್ಲ ಯಾರದೋ ಹಣ ಮೊದಲು ಕೈಬಿಡಲೇಬೇಕು. ಆ ಹಣ ನಮ್ಮದಾಗಿರಬಹುದು, ಸಾಲ ಕೊಟ್ಟವರದಾಗಿರಬಹುದು, ಇಲ್ಲವೇ ಸರಕು ಕೊಳ್ಳುವವರದೇ ಆಗಿರಬಹುದು. ಮೊದಲೆರಡು ಇಲ್ಲದವರಿಗೆ ಮೂರನೆಯದೊಂದೇ ದಾರಿ. ಗಿರಾಕಿ ವಸ್ತು ಕೈಗೆ ಬರುವ ಮೊದಲೇ ದುಡ್ಡು ಕೊಡಬೇಕು. ಯಾಕೆ ಕೊಟ್ಟಾನು? ಬಂಡವಾಳವಿಲ್ಲದ ಉದ್ಯಮದ ಕಷ್ಟವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಇದಕ್ಕೆ ನಮ್ಮ ಕರಾವಳಿಯಲ್ಲಿ ಹಳೆಯ ಉತ್ತರವೊಂದಿದೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಯಕ್ಷಗಾನ ಮೇಳಗಳು ಹರಕೆ ಆಟ ಆಡುತ್ತವೆ. ಹರಕೆ ಹೊತ್ತವರು ಒಂದು ರಾತ್ರಿಯ ಆಟದ ಖರ್ಚನ್ನು ಪೂರ್ತಿ ತಾವೇ ವಹಿಸಿಕೊಳ್ಳುತ್ತಾರೆ, ನೋಡುವವರಿಗೆ ಪುಕ್ಕಟೆ. ಆಟ ನೋಂದಾಯಿಸಿದವರು ತಮ್ಮ ಸರದಿಗೆ ವರ್ಷಗಟ್ಟಲೆ ಕಾಯುವುದುಂಟು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಗಟ್ಟಿ ಏರ್ಪಾಟು ಬೇರೆ ಸಿಗದು: ತಿರುಗಾಟ ಹೊರಡುವ ಮೊದಲೇ ಎಷ್ಟು ಆಟ, ಎಲ್ಲೆಲ್ಲಿ, ಯಾರ ಖರ್ಚಿನಲ್ಲಿ ಎಂಬುದು ಗೊತ್ತಿರುತ್ತದೆ. ಇದರ ಪಕ್ಕದಲ್ಲಿ ಟಿಕೆಟ್ ಇಟ್ಟು ಆಡುತ್ತಿದ್ದ ಡೇರೆ ಮೇಳಗಳನ್ನು ಇಟ್ಟು ನೋಡಿ. ಡೇರೆ, ಕುರ್ಚಿ, ಜನರೇಟರ್, ಲಾರಿ, ಪ್ರಚಾರ, ಎಲ್ಲಕ್ಕೂ ಯಜಮಾನರು ಮೊದಲು ಹಣ ಸುರಿಯಬೇಕು, ಆಮೇಲೆ ಗೇಟಿನ ಕಡೆ ಕಣ್ಣು ಕೀಲಿಸಿ ಕೂರಬೇಕು. ಒಂದು ಅಕಾಲ ಮಳೆ ಬಂದರೆ ಆ ರಾತ್ರಿಯ ಗಲ್ಲಾಪೆಟ್ಟಿಗೆ ಖಾಲಿ. ಕುಣಿತ ಅದೇ, ಪ್ರಸಂಗ ಅದೇ, ಭಾಗವತಿಕೆ ಅದೇ. ಹಣ ಆಟಕ್ಕೆ ಮೊದಲು ಬರುತ್ತದೋ ಆಮೇಲೆ ಬರುತ್ತದೋ ಎಂಬುದೊಂದೇ ವ್ಯತ್ಯಾಸ. ಡೇರೆ ಮೇಳಗಳು ಬೆರಳೆಣಿಕೆಗೆ ಇಳಿದವು, ಹರಕೆ ಮೇಳಗಳು ಉಳಿದವು. ದೇವರ ಮೇಲಿನ ಭಕ್ತಿ ಇದರಲ್ಲಿ ದೊಡ್ಡ ಪಾಲು ಹೌದು. ಆದರೆ ಭಕ್ತಿಯನ್ನು ಮುಂಗಡವಾಗಿ ಮಾರ್ಪಡಿಸಿದ ಲೆಕ್ಕದ ಜಾಣತನವೂ ಸಣ್ಣದಲ್ಲ.

ಪುಸ್ತಕಲೋಕದಲ್ಲೂ ಇದೇ ಕಥೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ತಾವೇ ಹೊತ್ತು ಊರೂರು ಅಲೆದು ಮಾರಿದ್ದನ್ನು ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ. ನನಗೆ ಅಭಿಮಾನದ ಜೊತೆಗೆ ಸಂಕಟವೂ ಆಗುತ್ತದೆ. ಅಚ್ಚಿನ ಖರ್ಚು ಮೊದಲೇ ಆಗಿಹೋಗಿದೆ, ಅದನ್ನು ಒಂದೊಂದೇ ಪ್ರತಿ ಮಾರಿ ಕಾಲ್ನಡಿಗೆಯಲ್ಲಿ ಹಿಂದಕ್ಕೆ ಪಡೆಯಬೇಕು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದಾಗ ಹಿಡಿದದ್ದು ಚಂದಾದಾರಿಕೆಯ ದಾರಿ. ಓದುಗ ವರ್ಷದ ಚಂದಾ ಕಟ್ಟುತ್ತಾನೆ, ವರ್ಷದುದ್ದಕ್ಕೂ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಇಲ್ಲಿ ಸೂಕ್ಷ್ಮ ಒಂದಿದೆ. ಚಂದಾದಾರ ಯಾವ ಪುಸ್ತಕ ಬರುತ್ತದೆಂದು ಪೂರ್ತಿ ತಿಳಿಯದೆಯೇ ಹಣ ಕೊಟ್ಟಿರುತ್ತಾನೆ. ಅವನು ಕೊಂಡದ್ದು ಮಾಲೆಯ ಮೇಲಿನ ನಂಬಿಕೆಯನ್ನು. ಹಾಗಾಗಿ ಹೆಸರು ಕೇಳದ ಎಳೆಯ ಲೇಖಕರನ್ನೂ ಅಚ್ಚು ಹಾಕುವ ಧೈರ್ಯ ಪ್ರಕಾಶಕರಿಗೆ ಬರುತ್ತದೆ. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಅಲ್ಲಿಂದಲೇ ಹೊರಬಂತು. ಆಗ ಅವರಿಗೆ ಇಪ್ಪತ್ತು ದಾಟಿ ಎರಡು ಮೂರು ವರ್ಷವಷ್ಟೇ.

ಇನ್ನೂ ಈಚಿನದು ಬೇಕೆಂದರೆ 'ಲೂಸಿಯಾ'. ಈ ಚಿತ್ರಕ್ಕೆ ನಿರ್ಮಾಪಕರು ಸಿಗದೆ ನಿರ್ದೇಶಕ ಪವನ್ ಕುಮಾರ್ ನೇರ ಪ್ರೇಕ್ಷಕರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು, ಚಿತ್ರ 2013ರಲ್ಲಿ ತೆರೆಕಂಡಿತು. ಇದನ್ನು ಹೇಳುವವರೆಲ್ಲ ಒಂದು ಸಂಗತಿಯನ್ನು ಹಾರಿಸಿಬಿಡುತ್ತಾರೆ. ಅದಕ್ಕೆ ಎರಡು ವರ್ಷ ಮೊದಲು ಅವರ ಇನ್ನೊಂದು ಚಿತ್ರ ಬಂದಿತ್ತು, ಜನ ನೋಡಿದ್ದರು. ಅವರು ಕೈಚಾಚಿದ್ದು ಅಪರಿಚಿತರ ಮುಂದಲ್ಲ. ಮುಂಗಡ ಹುಟ್ಟುವುದು ಹಿಂದೆ ಕಣ್ಣಾರೆ ಕಂಡ ಕೆಲಸದಿಂದ. ಜನರಿಂದ ಹಣ ಕೂಡಿಸುವ ಕ್ರೌಡ್‌ಫಂಡಿಂಗ್ ತಾಣದಲ್ಲಿ ಪುಟ ತೆರೆದು ಕೂತ ಮಾತ್ರಕ್ಕೆ ಕ್ರೌಡೂ ಇಲ್ಲ, ಫಂಡೂ ಇಲ್ಲ.

ಸರಿ, ಹಿಂದೆ ಯಾವ ಕೆಲಸವನ್ನೂ ತೋರಿಸಿಲ್ಲದವರು ಏನು ಮಾಡಬೇಕು? ಕಾಸು ಖರ್ಚಾಗದ ಅಳತೆಯ ಕೆಲಸ ಮಾಡಿ ನಾಲ್ಕು ಜನರ ಕಣ್ಣಿಗೆ ಬೀಳಿಸಬೇಕು. ಒಂದು ಊರಿನ ಹಳೆಯ ಮನೆಗಳನ್ನು ದಿನಕ್ಕೊಂದರಂತೆ ಪೆನ್ನಿನಲ್ಲಿ ಬರೆದು ಹಾಕಿದರೂ ಸಾಕು. ಆರು ತಿಂಗಳು ಬೇಕಾದೀತು. ಆ ಆರು ತಿಂಗಳ ಬಗ್ಗೆ ಮುಂದೆ ಹೇಳುತ್ತೇನೆ, ಅದರಲ್ಲೊಂದು ಗುಟ್ಟಿದೆ.

ಈಗ ಲೆಕ್ಕಕ್ಕೆ ಬರೋಣ. ಸಾಗರದಲ್ಲೋ ಶಿರಸಿಯಲ್ಲೋ ಕೂತ ಒಬ್ಬ ಚಿತ್ರಕಲಾವಿದೆ ಮಲೆನಾಡಿನ ಹನ್ನೆರಡು ಚಿತ್ರಗಳ ಗೋಡೆ ಕ್ಯಾಲೆಂಡರ್ ಮಾಡುತ್ತಾಳೆ ಅಂದುಕೊಳ್ಳಿ. ಅಂಕಿಗಳು ನನ್ನ ಕಲ್ಪನೆಯವು, ಪ್ರೆಸ್ಸಿನಿಂದ ಪ್ರೆಸ್ಸಿಗೆ ಬದಲಾಗುತ್ತವೆ, ಲೆಕ್ಕದ ರೀತಿ ಬದಲಾಗುವುದಿಲ್ಲ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು, ಮೆಷಿನ್ ಸಜ್ಜುಮಾಡುವ ಖರ್ಚು ಎಂದು ಒಂದು ಮೊತ್ತ ಇರುತ್ತದೆ, ಹತ್ತು ಪ್ರತಿ ತೆಗೆದರೂ ಅಷ್ಟೇ, ಸಾವಿರ ತೆಗೆದರೂ ಅಷ್ಟೇ. ಅದು 8,000 ರೂಪಾಯಿ ಎಂದಿಟ್ಟುಕೊಳ್ಳಿ. ಕಾಗದ, ಶಾಯಿ, ಬೈಂಡಿಂಗ್ ಸೇರಿ ಪ್ರತಿಯೊಂದಕ್ಕೆ 70 ರೂಪಾಯಿ. ಇನ್ನೂರು ಪ್ರತಿಗೆ 22,000. ಕೊರಿಯರ್, ರಟ್ಟಿನ ಕೊಳವೆ ಸೇರಿ ಒಂದು ಪ್ರತಿ ಕಳಿಸಲು 60. ಬೆಲೆ 350, ಮೊದಲೇ ಕಾದಿರಿಸಿದವರಿಗೆ 300.

ಎಷ್ಟು ಜನ ಮೊದಲೇ ಕೊಟ್ಟರೆ ಇವಳು ಕೈಯಿಂದ ಪೈಸೆ ಹಾಕದೆ ಪ್ರೆಸ್ಸಿಗೆ ಹೋಗಬಹುದು? ಇಲ್ಲಿ ಬಹಳ ಮಂದಿ 22,000ವನ್ನು 300ರಿಂದ ಭಾಗಿಸಿ 74 ಎನ್ನುತ್ತಾರೆ. ತಪ್ಪುವುದು ಅಲ್ಲೇ. ಆ 300ರಲ್ಲಿ 60 ಕೊರಿಯರಿನವರದು, ಇವಳ ಕೈಯಲ್ಲಿ ನಿಲ್ಲುವುದು 240. ಅದರಿಂದ ಭಾಗಿಸಿದರೆ 92. ಎಪ್ಪತ್ತನಾಲ್ಕಕ್ಕೇ ಧೈರ್ಯ ಮಾಡಿ ಪ್ರೆಸ್ಸಿಗೆ ಹೋದರೆ ಕ್ಯಾಲೆಂಡರ್ ಅಚ್ಚಾಗಿ ಮನೆಗೆ ಬರುತ್ತದೆ, ಕಳಿಸಲು ದುಡ್ಡಿರುವುದಿಲ್ಲ. ಹಣ ಕೊಟ್ಟವರ ಕರೆ ಬರತೊಡಗುತ್ತದೆ. ಸಂಚಕಾರದ ಎರಡನೆಯ ಅರ್ಥ ಶುರುವಾಗುವುದು ಇಲ್ಲಿಂದ.

ಹಾಗಾಗಿ 92 ಆಗುವ ತನಕ ಆ ಹಣ ಅವಳದಲ್ಲ, ಕೊಟ್ಟವರದು. ಬೇರೆ ಖಾತೆಯಲ್ಲಿ ಇಡಬೇಕು, ಮನೆ ಬಾಡಿಗೆಗೆ ಮುಟ್ಟಬಾರದು, ಡಿಸೆಂಬರ್ ಮೊದಲ ವಾರಕ್ಕೆ 92 ಆಗದಿದ್ದರೆ ಎಲ್ಲರಿಗೂ ವಾಪಸ್ ಎಂದು ಮೊದಲೇ ಹೇಳಿರಬೇಕು. ದಿನ ಯಾಕೆ ಗೊತ್ತುಮಾಡಬೇಕೆಂದರೆ ಕ್ಯಾಲೆಂಡರ್ ಹಾಲಿದ್ದ ಹಾಗೆ, ಸಂಕ್ರಾಂತಿ ಕಳೆದರೆ ರದ್ದಿ. ಅಷ್ಟು ಜನ ಸಿಗುವ ಭರವಸೆ ಇಲ್ಲದಿದ್ದರೆ ಡಿಜಿಟಲ್ ಮುದ್ರಣ ಇದ್ದೇ ಇದೆ. ಅಲ್ಲಿ ಪ್ಲೇಟಿನ ಖರ್ಚಿಲ್ಲ, ಇಪ್ಪತ್ತೇ ಪ್ರತಿ ಬೇಕಾದರೂ ತೆಗೆಯಬಹುದು. ಆದರೆ ಪ್ರತಿಯೊಂದರ ದರ ದುಬಾರಿ, ಲಾಭ ತೆಳು. ಮೊದಲ ವರ್ಷಕ್ಕೆ ನನ್ನ ಮತ ಡಿಜಿಟಲ್‌ಗೇ. ಲಾಭ ತೆಳುವಾದರೆ ಬೇಸರವಾಗುತ್ತದೆ ಅಷ್ಟೇ, ನೂರೈವತ್ತು ಪ್ರತಿ ಮಂಚದಡಿ ಉಳಿದರೆ ಮುಂದಿನ ವರ್ಷ ಕುಂಚ ಹಿಡಿಯುವ ಮನಸ್ಸೇ ಬರುವುದಿಲ್ಲ.

ಇರಲಿ, 92 ಆಯಿತು, ಆಫ್‌ಸೆಟ್‌ನಲ್ಲೇ ಇನ್ನೂರು ಬಂತು. ಉಳಿದ 108ರಲ್ಲಿ ಎಂಟು ನೆಂಟರಿಷ್ಟರಿಗೆ. ಐವತ್ತನ್ನು ಪೂರ್ತಿ ಬೆಲೆಗೆ ಅವಳೇ ಮಾರಿದರೆ ಕೊರಿಯರ್ ಕಳೆದು 290ರಂತೆ 14,500. ಇನ್ನೈವತ್ತನ್ನು ಅಂಗಡಿಗಳಿಗೆ ಕೊಟ್ಟಳು. ಕಮಿಷನ್ ನೂರಕ್ಕೆ ನಲವತ್ತು ಎಂದಿಟ್ಟುಕೊಂಡರೆ ಅವಳಿಗೆ ಸಿಗುವುದು 210, ಅದೂ ಮಾರಾಟವಾದ ಮೇಲೆ. ಮೂವತ್ತೆಂಟು ಮಾರಾಟವಾಗಿ ಹನ್ನೆರಡು ವಾಪಸ್ ಬಂದರೆ 7,980. ಮುಂಗಡದ ಲೆಕ್ಕದಲ್ಲಿ ಉಳಿದ 80 ರೂಪಾಯಿಯನ್ನೂ ಸೇರಿಸಿ ಒಟ್ಟು 22,560. ಪೈಸೆ ಹಾಕದೆ ಇಪ್ಪತ್ತೆರಡು ಸಾವಿರ! ಖುಷಿಪಡುವ ಮೊದಲು ದಿನಗಳನ್ನು ಎಣಿಸಿ. ಚಿತ್ರ ಬರೆಯಲು ಮೂವತ್ತು ದಿನ, ವಿನ್ಯಾಸ, ಪ್ರೆಸ್ಸಿನ ಓಡಾಟ, ಪ್ಯಾಕಿಂಗ್, 'ಮೇಡಂ ಪಾರ್ಸೆಲ್ ಬಂದಿಲ್ಲ' ಎನ್ನುವವರಿಗೆ ಉತ್ತರ, ಎಲ್ಲಕ್ಕೂ ಹತ್ತು ದಿನ. ನಲವತ್ತು ದಿನಕ್ಕೆ ಭಾಗಿಸಿದರೆ ದಿನಕ್ಕೆ 564 ರೂಪಾಯಿ. ಅದೇ ಊರಿನ ಗಾರೆ ಮೇಸ್ತ್ರಿಯ ದಿನಗೂಲಿ ಇದಕ್ಕಿಂತ ಹೆಚ್ಚು.

ಹಾಗಾದರೆ ಗಿಟ್ಟುವುದೆಲ್ಲಿ? ಎರಡು ಕಡೆ. ಆ 92 ಹೆಸರುಗಳಲ್ಲಿ, ಮತ್ತು ಆ ಹನ್ನೆರಡು ಚಿತ್ರಗಳು ಇನ್ನೂ ಅವಳ ಬಳಿಯೇ ಇರುವುದರಲ್ಲಿ. ಅದೇ ಚಿತ್ರ ನಾಳೆ ಅಂಚೆ ಕಾರ್ಡಾಗಬಹುದು, ಹೋಂಸ್ಟೇಯವರ ಗೋಡೆಗೆ ಹೋಗಬಹುದು, ಕಾಫಿಪುಡಿ ಪೊಟ್ಟಣದ ಮೇಲೆ ಕೂರಬಹುದು. ಪ್ರತಿ ಸಲವೂ ಹೊಸ ದುಡ್ಡು, ಹೊಸ ಶ್ರಮವಿಲ್ಲ. ಕಲೆಯ ಕಸುಬಿಗೂ ದಿನಗೂಲಿಗೂ ಇರುವ ಅಂತರ ಇಷ್ಟೇ. ಅದನ್ನು ಉಳಿಸಿಕೊಡುವುದು ಒಪ್ಪಂದದ ಕಾಗದದ ಮೇಲಿನ ನಾಲ್ಕು ಸಾಲು.

ಅದನ್ನು ನಾನು ಕಲಿತದ್ದು ಪೆಟ್ಟು ತಿಂದು. ಶುರುವಿನಲ್ಲಿ ಒಬ್ಬರು ತಮ್ಮ ಸಂಸ್ಥೆಗೆ ಒಂದು ಚಿತ್ರ ಬರೆದುಕೊಡಿ ಅಂದರು. ಮುಂಗಡ ಕೇಳಲು ನಾಚಿಕೆ. 'ನಮ್ಮವರೇ ಅಲ್ಲವೇ' ಎಂದುಕೊಂಡು ದೊಡ್ಡ ಅಳತೆಯ ಮೂಲ ಫೈಲನ್ನೇ ಕಳಿಸಿಬಿಟ್ಟೆ. ಬಿಲ್ ಕೊಟ್ಟ ಮೇಲೆ ಶುರುವಾಯಿತು 'ನಾಳೆ ಬಾ'. ಹಿಂದೆ ನಮ್ಮೂರುಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ಹಾಗೆ ಬರೆಯುತ್ತಿದ್ದರಲ್ಲ, ಕೆಲವು ಕಚೇರಿಗಳ ಅಕೌಂಟ್ಸ್ ವಿಭಾಗದ ಬಾಗಿಲಲ್ಲಿ ಅದು ಇನ್ನೂ ಅಳಿಸಿಲ್ಲ. ಅರ್ಧ ಹಣ ಬಂತು, ಅರ್ಧ ಹೋಯಿತು. ಅದಕ್ಕಿಂತ ಕಹಿಯಾದ ಸಂಗತಿ, ಆ ಚಿತ್ರ ಒಂದು ವರ್ಷದ ನಂತರ ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಕಂಡಿತು, ಆಮೇಲೆ ಚೀಲದ ಮೇಲೆ. ಜಗಳಕ್ಕೆ ಹೋಗುವ ಮುನ್ನ ಕಾನೂನು ಓದಿ ನೋಡಿದೆ. ನನ್ನ ಕಡೆಗೆ ಇರಲಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಈ ಭಾಗ ಕಲಾವಿದರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ನಾವು ಸ್ವಂತಕ್ಕೆ ಬರೆದ ಚಿತ್ರದ ಹಕ್ಕು ಬರೆದ ಕ್ಷಣದಿಂದಲೇ ನಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೆ ಇನ್ನೊಬ್ಬರು ಹೇಳಿ, ಅವರ ಹಣಕ್ಕೆ ಬರೆದ ಚಿತ್ರ, ಭಾವಚಿತ್ರ, ತೆಗೆದ ಫೋಟೊ ಇವುಗಳಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಹಕ್ಕುದಾರರು ಬರೆಸಿದವರೇ. ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಹಾಗೆ. ಅಂದರೆ ಬಾಯಿಮಾತಿನಲ್ಲಿ ಕೆಲಸ ಒಪ್ಪಿಕೊಂಡ ಚಿತ್ರಗಾರ ತನಗೆ ತಿಳಿಯದೆಯೇ ಎಲ್ಲವನ್ನೂ ಮಾರಿರುತ್ತಾನೆ. 'ಬೇರೆ ಒಪ್ಪಂದ ಇಲ್ಲದಿದ್ದರೆ' ಎಂಬ ಆ ಮೂರು ಪದದ ಸಂದಿಯಲ್ಲೇ ನಾವು ನುಸುಳಿಕೊಳ್ಳಬೇಕು. ಕೆಲಸಕ್ಕೆ ಮೊದಲು ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು: ಹಕ್ಕು ಕಲಾವಿದರದು, ಈ ಚಿತ್ರವನ್ನು ಇಂಥ ಪುಸ್ತಕದ ಮುಖಪುಟಕ್ಕೆ, ಇಷ್ಟು ವರ್ಷ ಬಳಸಬಹುದು, ಬೇರೆ ಬಳಕೆಗೆ ಬೇರೆ ಹಣ.

ಹಕ್ಕನ್ನು ಬರೆದುಕೊಡುವಾಗಲೂ ಕಾಯ್ದೆ ನಮಗೆ ಆಸರೆಯಾಗಿದೆ. ಹಸ್ತಾಂತರ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಹೇಳಿರದಿದ್ದರೆ, ಅದು ತಾನೇ ಬಿದ್ದುಹೋಗುತ್ತದೆ. ಹೀಗಿರುವಾಗ ದೊಡ್ಡ ಕಂಪನಿಯ ಹತ್ತು ಪುಟದ ಕಾಗದದಲ್ಲಿ 'ಶಾಶ್ವತವಾಗಿ, ವಿಶ್ವದಾದ್ಯಂತ' ಎಂಬ ಪದಗಳು ಯಾಕೆ ಇರುತ್ತವೆ ಎಂಬುದು ಅರ್ಥವಾಗುತ್ತದಲ್ಲ? ಆ ಪದ ಕಂಡರೆ ದರ ಏರಿಸಿ.

ಹಣ ಪಡೆಯುವ ಕ್ರಮವನ್ನೂ ಅದೇ ಪುಟದಲ್ಲಿ ಬರೆದಿಡಬೇಕು. ನನ್ನದು ಮೂರು ಕಂತು: ಒಪ್ಪಿಕೊಂಡಾಗ ಮೂರರಲ್ಲೊಂದು ಭಾಗ, ಕರಡು ಒಪ್ಪಿಗೆಯಾದಾಗ ಇನ್ನೊಂದು, ಮೂಲ ಫೈಲ್ ಕಳಿಸುವ ಮೊದಲು ಕೊನೆಯದು. ನೋಡಲು ಕಳಿಸುವುದು ಚಿಕ್ಕ ಅಳತೆಯ ಚಿತ್ರ, ಅಡ್ಡಲಾಗಿ ಹೆಸರು ಬರೆದದ್ದು. ಮೊದಲ ಕಂತು ಕೇಳಿದಾಗ ಮುಖ ಸಿಂಡರಿಸಿದವರು ಕೊನೆಯ ಕಂತನ್ನು ಕೊಟ್ಟ ಉದಾಹರಣೆ ನನ್ನ ಲೆಕ್ಕದ ಪುಸ್ತಕದಲ್ಲಿ ಒಂದೂ ಇಲ್ಲ. ನಾಚಿಕೆಯಾದರೆ ಮದುವೆ ಅಡುಗೆಯವರನ್ನು ನೆನೆಸಿಕೊಳ್ಳಿ. ವೀಳ್ಯ ಕೊಡದೆ ಅವರು ಸೌಟು ಮುಟ್ಟುತ್ತಾರೆಯೇ? ಅದನ್ನು ಯಾರೂ ಅವಮಾನ ಎಂದುಕೊಂಡದ್ದಿಲ್ಲ.

ಬಾಕಿ ವಸೂಲಿಗೆ ಇನ್ನೊಂದು ಆಸರೆ ಉದ್ಯಮ್, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ಸರ್ಕಾರಕ್ಕೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ದಲ್ಲಾಳಿಯದು ಎಂದು ತಿಳಿಯಿರಿ. ಹೀಗೆ ನೋಂದಾಯಿಸಿದ ಕಿರು ಉದ್ಯಮದಿಂದ ಕೆಲಸ ಮಾಡಿಸಿಕೊಂಡವರು ಒಪ್ಪಂದದ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇದ್ದರೂ ಆ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು ಸಣ್ಣ ಉದ್ಯಮಗಳ 2006ರ ಕಾಯ್ದೆಯ ಮಾತು. ಗಿರಾಕಿಯ ಮೇಲೆ ದೂರು ಕೊಟ್ಟು ಆಮೇಲೆ ಅವರಿಂದಲೇ ಕೆಲಸ ಬರಲಿ ಎಂದರೆ ಆದೀತೇ, ಅದಕ್ಕೇ ದೂರು ಕೊಡುವವರು ಕಡಿಮೆ. ಆದರೂ ಬಿಲ್ಲಿನ ತಲೆಯ ಮೇಲೆ ಉದ್ಯಮ್ ಸಂಖ್ಯೆ ಬರೆಯಿರಿ. ಗಡುವು ಮೀರಿದ ಬಾಕಿಯನ್ನು ಗಿರಾಕಿ ಮಾರ್ಚ್ ಮುಗಿಯುವುದರೊಳಗೂ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ತೋರಿಸಿಕೊಳ್ಳುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಮಾರ್ಚ್ ಬಂತೆಂದರೆ ಅವರ ಆಡಿಟರೇ ನಮ್ಮ ಬಿಲ್ ಹುಡುಕುತ್ತಾರೆ. ಜಿಎಸ್‌ಟಿಯ ಭಯ ಸದ್ಯಕ್ಕೆ ಬೇಡ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಹೊರರಾಜ್ಯಗಳಿಗೆ ಸರಕು ಕಳಿಸುವವರ ನಿಯಮ ಬೇರೆ, ಅವರು ಲೆಕ್ಕಿಗರೊಬ್ಬರನ್ನು ಕೇಳಿಯೇ ಮುಂದುವರಿಯಲಿ.

ಸಾಲದ ಮಾತೂ ಬರುತ್ತದೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಕುಂಬಾರರು, ಶಿಲ್ಪಿಗಳು, ಬೊಂಬೆ ಮಾಡುವವರು ಸೇರಿ 18 ಕಸುಬಿನವರಿಗೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000ದವರೆಗೆ ನೆರವು, ಮೇಲೆ ಶೇಕಡ 5ರ ಬಡ್ಡಿಗೆ ಸಾಲ. ಚಕ್ರ ತಿರುಗಿಸುವವರಿಗೆ, ಉಳಿ ಹಿಡಿಯುವವರಿಗೆ ಅದು ನಿಜಕ್ಕೂ ಉಪಯೋಗ. ಇನ್ನೂ ಒಬ್ಬ ಗಿರಾಕಿಯ ಮುಖ ನೋಡದವರು ಸಾಲ ಮಾಡಿ ಕ್ಯಾಮೆರಾ ಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಂತು ಪ್ರತಿ ತಿಂಗಳ ಐದಕ್ಕೆ ಬರುತ್ತದೆ, ಕೆಲಸ ಹಾಗೆ ಬರುವುದಿಲ್ಲ.

ಆ ಆರು ತಿಂಗಳ ಗುಟ್ಟು ಹೇಳುತ್ತೇನೆಂದಿದ್ದೆ. ಶೂನ್ಯದಿಂದ ಮೇಲೆ ಬಂದೆ ಎನ್ನುವವರ ಕಥೆ ಕೇಳುವಾಗ ನಾನು ಕಾಯುವುದು ಒಂದೇ ಮಾತಿಗೆ: ಆಗ ಅಕ್ಕಿ ಯಾರು ತಂದರು? ಅಪ್ಪನ ಪಿಂಚಣಿಯಿರಬಹುದು, ಹೆಂಡತಿಯ ಶಾಲೆಯ ಸಂಬಳವಿರಬಹುದು, ಊರಿನ ಅಡಿಕೆ ತೋಟವಿರಬಹುದು. ಬಂಡವಾಳ ಇತ್ತು, ಅದನ್ನು ಯಾರೂ ಪುಸ್ತಕದಲ್ಲಿ ಬರೆಯಲಿಲ್ಲ. ಆ ಆಸರೆ ಇಲ್ಲದವರು ಸಂಬಳದ ಕೆಲಸ ಬಿಡದೆ ರಾತ್ರಿ ಬರೆಯಬೇಕು, ಬೇರೆ ದಾರಿ ನನಗೆ ಕಂಡಿಲ್ಲ. ಮೇಳದ ಕಲಾವಿದರಿಗೂ ಇದೇ ಗೋಳು. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಆದಾಯವಿಲ್ಲ. ಹೊಟ್ಟೆಪಾಡಿಗೆ ಯಜಮಾನರಿಂದ ಮುಂಗಡ ಪಡೆದವನು ಮುಂದಿನ ತಿರುಗಾಟಕ್ಕೆ ಆ ಮೇಳಕ್ಕೇ ಕಟ್ಟುಬೀಳುತ್ತಿದ್ದ. ಹೆಚ್ಚು ಕೊಡುವವರು ಎದುರಿಗೆ ನಿಂತರೂ ಹೋಗುವಂತಿಲ್ಲ. ಇಂದು ಇಡೀ ವರ್ಷದ ಹಣವನ್ನು ಒಬ್ಬನೇ ಗಿರಾಕಿಯಿಂದ ಮೊದಲೇ ಪಡೆದ ಡಿಸೈನರ್‌ನ ಸ್ಥಿತಿಯೂ ಅಷ್ಟೇ. ಮುನ್ನೂರು ರೂಪಾಯಿ ಕೊಟ್ಟ 92 ಜನ ಕ್ಯಾಲೆಂಡರಿನ ಕಲಾವಿದೆಯನ್ನು ಆಳಲಾರರು, ಇಪ್ಪತ್ತೇಳು ಸಾವಿರ ಕೊಟ್ಟ ಒಬ್ಬ ಆಳುತ್ತಾನೆ.

ಆ ಕಲಾವಿದೆ ಎರಡನೆಯ ವರ್ಷ ಎಲ್ಲಿಂದ ಶುರುಮಾಡಬೇಕು ಎಂಬುದು ಈಗ ಸುಲಭ. ಅಕ್ಟೋಬರ್‌ನಲ್ಲಿ, ಬೇರೆ ಯಾರಿಗೂ ಹೇಳುವ ಮೊದಲು, ಆ 92 ಜನರಿಗೆ ಹೊಸ ವರ್ಷದ ಒಂದೇ ಒಂದು ಚಿತ್ರ ಕಳಿಸಬೇಕು. ಕಳೆದ ಸಲ ಪಾರ್ಸೆಲ್ ಮುದುಡಿ ತಲುಪಿದವರಿಗೆ ಬೇರೆಯಾಗಿ ಎರಡು ಸಾಲು ಬರೆಯಬೇಕು. ಇವರಲ್ಲಿ ಅರವತ್ತು ಮಂದಿ ಮತ್ತೆ ಹಣ ಕಳಿಸಿದರೆ ಹುಡುಕಬೇಕಾದದ್ದು ಇನ್ನು ಮೂವತ್ತೆರಡೇ ಹೆಸರು, ಅದಕ್ಕೆ ಎರಡು ತಿಂಗಳು ಕೈಯಲ್ಲಿದೆ.